ಬರಿಗಾಲೂ ಕ್ಲಬ್ಬಿನ ಹುಲ್ಲೂ

ಅಟ್ಟದ ಮೇಲಿನ ಡಬ್ಬಿ ತೆರೆದೆ. ಪಾಲಿಶ್ ವಾಸನೆ ಮೂಗಿಗೆ ಬಡಿಯಿತು. ಒಳಗೆ ನನ್ನ ಕರಿ ಬೂಟು, ಒಂದೇ ದಿನ ಹಾಕಿಕೊಂಡದ್ದು. ಆ ಒಂದು ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆಗಳು ಎದ್ದಿದ್ದವು ನೋಡಿ. ಹುಟ್ಟಾ ಚಪ್ಪಲಿಯ ಮನುಷ್ಯ ನಾನು. ನನ್ನ ಕಾಲಿಗೆ ಬೂಟೆಂದರೆ ಜೈಲು.

ಕೊಂಡದ್ದು ಹೈದರಾಬಾದಿನ ಒಂದು ಗಾಲ್ಫ್ ಕ್ಲಬ್ಬಿಗೆ ಹೋಗಲೆಂದು. ಹುಮನಾಬಾದಿನವನಿಗೆ ಅಲ್ಲೇನು ಕೆಲಸ ಅಂತೀರಾ? ಮುಡಬಿಯ ನನ್ನ ಸೋದರತ್ತೆ ಗುರಮ್ಮನ ಮೊಮ್ಮಗಳು ಸುವರ್ಣಾಳ ಸಂಬಂಧದ ಮಾತುಕತೆ. ಗಂಡಿನವರು ಮೂಲತಃ ಬಸವಕಲ್ಯಾಣದವರೇ, ಈಗ ಹೈದರಾಬಾದಿನಲ್ಲಿ ದೊಡ್ಡ ವ್ಯಾಪಾರ. ಊಟ, ಮಾತು ಎರಡೂ ಕ್ಲಬ್ಬಿನಲ್ಲೇ ಎಂದು ಹುಡುಗನ ಅಪ್ಪ ಫೋನು ಮಾಡಿದ್ದರು. ಸುವರ್ಣಾಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದ ಅತ್ತೆ ಹೂಂ ಅನ್ನುವುದೊಂದೇ ಬಾಕಿ.

ತೊಡಕಾದದ್ದು ಶ್ರಾವಣ. ಶ್ರಾವಣ ಬಂತೆಂದರೆ ಅತ್ತೆ ತಿಂಗಳಿಡೀ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಹೊಲದ ಮುಳ್ಳಿರಲಿ, ಬಸ್‌ಸ್ಟ್ಯಾಂಡಿನ ಕೆಸರಿರಲಿ, ಬರಿಗಾಲು. ಆಕೆಯ ವ್ರತ ನಮಗೆಷ್ಟು ರೂಢಿಯಾಗಿತ್ತೆಂದರೆ, ನನ್ನ ಬೂಟಿನ ಚಿಂತೆಯಲ್ಲಿ ಆಕೆಯ ಕಾಲನ್ನು ನಾನು ನೋಡಿಯೇ ಇರಲಿಲ್ಲ.

ನೋಡಿದವನು ಗೇಟಿನ ಕಾವಲುಗಾರ. "ಅಮ್ಮಾ, ಚಪ್ಪಲ್ ನೈ ತೋ ಅಂದರ್ ನೈ," ಎಂದು ಕೈ ಅಡ್ಡ ಹಿಡಿದ.

"ಒಂದ್ ತಾಸಿನ ಮಾತ. ಸುವರ್ಣಾನ ಸಲುವಾಗಿ ಯಾರ್ದರೆ ಚಪ್ಪಲ್ ಹಾಕ್ಕೋ," ಎಂದು ಅತ್ತೆಯ ಕಿವಿಯಲ್ಲಿ ಗೋಗರೆದೆ.

"ಆಕೀ ಸಲುವಾಗೇ ಬಂದೀನಿ. ನಾ ಹ್ಯಾಂಗ ಅದೀನೋ ಹಾಂಗ ನೋಡ್ಲಿ. ಬ್ಯಾರೆ ಯಾರನ್ನೋ ತೋರಿಸಿ ಬೀಗತನ ಮಾಡ್ಲೇನು?"

ಅಷ್ಟರಲ್ಲಿ ಹುಡುಗನ ಅಪ್ಪ ಒಳಗಿನಿಂದ ಗೇಟಿನ ಹತ್ತಿರ ಬಂದರು. ಹಿಂದೆ ಹೆಂಡತಿ, ಮಗ. "ನಾ ಇಲ್ಲಿ ಮೆಂಬರ್ ಅದೀನ್ರಿ, ನನ್ನ ಇಜ್ಜತ್ತಿನ ಸವಾಲ್ ಇದು. ಇಷ್ಟೂ ಹೊಂದ್ಕೊಳಲಾರ್ದವ್ರ ಕೂಡ ಸಂಬಂಧ ಹ್ಯಾಂಗ ಮಾಡ್ಬೇಕ್ರಿ?" ಎಂದರು. ನಮ್ಮ ಜೊತೆ ಬಂದಿದ್ದ ಸುವರ್ಣಾಳ ಮುಖ ಬಾಡಿತು. ಸಂಬಂಧ ಗೇಟಿನಲ್ಲೇ ಮುರಿಯಿತು ಎಂದು ನನಗೂ ಅನ್ನಿಸಿತು.

ಅತ್ತೆ ಸಿಟ್ಟಾಗಲಿಲ್ಲ. ಗೇಟಿನಾಚೆಗಿನ ಹಸಿರನ್ನೇ ನೋಡುತ್ತ ನಿಂತಳು. "ಬರಿಗಾಲಿಲೆ ತುಳಿಯಂಗಿಲ್ಲ ಅಂದ್ರ ಇಷ್ಟು ಮೆತ್ತನ್ನ ಹುಲ್ಲು ಯಾಕ ಬೆಳಿಸೀರ್ರಿ?"

ಹುಡುಗನ ತಾಯಿ, ಅಲ್ಲಿಯವರೆಗೆ ಗಂಡನ ಹಿಂದೆ ನಿಂತಿದ್ದಾಕೆ, ಎತ್ತರದ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದರು. ಹುಲ್ಲಿನ ಮೇಲೆ ಕಾಲಿಟ್ಟು ಬೆರಳು ಊರಿ ನೋಡಿದರು. "ಇಷ್ಟ್ ವರ್ಷ ಬರಾಕತ್ತೇನಿ, ಇದು ಕಾಲಿಗಿ ಹ್ಯಾಂಗ ಹತ್ತತದ ಅಂತ ಗೊತ್ತೇ ಇದ್ದಿಲ್ಲ ನೋಡ್ರಿ," ಎಂದು ಗೇಟು ದಾಟಿ ಬಂದು ಅತ್ತೆಯ ಕೈ ಹಿಡಿದರು. ಗಂಡನಿಗೆ, "ಊಟ ಇಲ್ಲೇ ತರಸ್ರಿ," ಎಂದರು.

ಗೇಟಿನ ಹೊರಗಿನ ಬೇವಿನ ಮರದಡಿ ಊಟವಾಯಿತು. ಹುಡುಗ ಇಡೀ ಹೊತ್ತು ತಟ್ಟೆ ತರುವುದರಲ್ಲೇ ಇದ್ದ. ಅವನ ಅಪ್ಪ ಕಾರಿಗೆ ಒರಗಿ ನಿಂತೇ ಉಂಡರು.

ಬಸ್ಸಿನಲ್ಲಿ ಬೂಟು ಬಿಚ್ಚುತ್ತ ಅತ್ತೆಯನ್ನು ಕೇಳಿದೆ, "ಹುಡುಗ ಹ್ಯಾಂಗ ಅನ್ನಿಸ್ದ?"

"ಹುಡುಗನ್ನ ಎಲ್ಲಿ ನೋಡ್ದೆ? ಅವರವ್ವನ್ನ ನೋಡ್ದೆ. ಹುಡುಗಿ ಕೊಡ್ತೀನಿ."

ಈಗ ಅತ್ತೆ ಇಲ್ಲ. ಇವತ್ತು ಸುವರ್ಣಾಳ ಕೂಸಿನ ನಾಮಕರಣ, ಅದೇ ಕ್ಲಬ್ಬಿನಲ್ಲಿ. "ಈ ಸಲಾನೂ ಬೂಟ್ ಮರೀಬ್ಯಾಡ್ರಿ," ಎಂದು ಬೀಗರು ನಿನ್ನೆಯೇ ಫೋನಿನಲ್ಲಿ ನಕ್ಕಿದ್ದರು. ತಿಂಗಳೋ, ಶ್ರಾವಣ. ಬೂಟು ಕೈಯಲ್ಲಿ ಹಿಡಿದು ಕೂತವನಿಗೆ ಅತ್ತೆ ತೀರಾ ನೆನಪಾದಳು. ನಮ್ಮ ಮನೆತನದಲ್ಲಿ ಶ್ರಾವಣ ಹಿಡಿಯುವವರು ಇನ್ನು ಯಾರೂ ಉಳಿದಿಲ್ಲ.

ಡಬ್ಬಿ ಮುಚ್ಚಿ ಅಟ್ಟಕ್ಕೆ ಸೇರಿಸಿದೆ. ಚಪ್ಪಲಿಯನ್ನೂ ಬಾಗಿಲಲ್ಲೇ ಬಿಟ್ಟೆ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಕಲ್ಲುಗಳು ನನ್ನನ್ನು ಕುಣಿಸುತ್ತಿವೆ. ಜನ ನೋಡಿ ನಗುತ್ತಿದ್ದಾರೆ. ಆದರೂ ತಿರುಗಿ ಹೋಗುವವನಲ್ಲ. ಕಾವಲುಗಾರ ಕೈ ಅಡ್ಡ ಹಿಡಿದಾನು. ಹಿಡಿಯಲಿ. ಬೇವಿನ ಮರ ಎಲ್ಲಿದೆ ಎಂದು ನನಗೆ ಗೊತ್ತು.