ಮನೋಹರ ಮಾಸ್ತರರ ಒಂದೇ ತಾಟಿನ ಪ್ರಸಂಗ

ರಾಣೇಬೆನ್ನೂರಿನ ಮನೋಹರ ಮಾಸ್ತರರನ್ನು ಟೈಮ್ ಎಷ್ಟಾಯಿತು ಎಂದು ಕೇಳಿದವರು ಬಸ್ಸು ತಪ್ಪಿಸಿಕೊಂಡಿದ್ದಾರೆ. ಕಾಲ ಎಂದರೇನು, ಅದನ್ನು ಉಂಟುಮಾಡಿದವರು ಯಾರು, ನಿತ್ಯತ್ವಕ್ಕೂ ಅದಕ್ಕೂ ಏನು ಸಂಬಂಧ ಎಂಬಲ್ಲಿಂದ ಹೊರಟು ಅವರು ತಮ್ಮ ಕೈಗಡಿಯಾರದ ಹತ್ತಿರ ಬರುವಷ್ಟರಲ್ಲಿ ಹಾವೇರಿ ಬಸ್ಸು ಮೋಟೆಬೆನ್ನೂರನ್ನೂ ದಾಟಿರುತ್ತದೆ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು ಅವರು. ಆದರೆ ಜೀವವೆಲ್ಲ ದೈವಶಾಸ್ತ್ರದಲ್ಲಿ. ಅಂಚೆಯಲ್ಲಿ ಪಾಠ ತರಿಸಿಕೊಂಡು ಏಳು ವರ್ಷ ಓದಿ ದೈವಶಾಸ್ತ್ರದ ಪದವಿ ಪಡೆದಿದ್ದರು. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ನಡುಮನೆಯ ಗೋಡೆಯಲ್ಲಿ ಮದುವೆಯ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ್ದರು. ಮನೆಗೆ ಬಂದವರು ಅದನ್ನು ನೋಡಿದರೆ ಹೆಂಡತಿ ಅರುಣಾಬಾಯಿ ತಪ್ಪದೆ ಹೇಳುತ್ತಿದ್ದರು: "ಅದಕ್ಕ ಏಳು ವರ್ಷ ಕುಂತು ಓದ್ಯಾರ್ರಿ. ನನ್ನ ನೋಡಾಕ ಬಂದಾಗ ಏಳು ನಿಮಿಷ ಕುಂತಿದ್ರು."

ಹಾವೇರಿ ಸುತ್ತಿನ ಸಣ್ಣ ಕ್ರೈಸ್ತ ಸಭೆಗಳಿಗೆ ಅಯ್ಯನವರು, ಅಂದರೆ ದೀಕ್ಷೆ ಪಡೆದ ಪಾದ್ರಿಗಳು, ತಿಂಗಳಿಗೆ ಒಮ್ಮೆ ಬಂದರೆ ಹೆಚ್ಚು. ಉಳಿದ ಭಾನುವಾರ ಚರ್ಚಿನಲ್ಲಿ ನಿಂತು ಪ್ರಸಂಗ, ಅಂದರೆ ಉಪದೇಶ, ಹೇಳುವವರು ಮಾಸ್ತರರೇ. ಒಂದು ವಾರ ಬ್ಯಾಡಗಿ, ಒಂದು ವಾರ ಕುಪ್ಪೇಲೂರು, ಒಂದು ವಾರ ಮೋಟೆಬೆನ್ನೂರು. ಯಾರು ಏನು ಕೇಳಿದರೂ "ಅದಕ್ಕ ಮೂರು ಮಾತು ಐತಿ" ಎಂದು ಶುರು. ಆ ಮೂರರಲ್ಲಿ ಒಂದೊಂದಕ್ಕೂ ಮತ್ತೆ ಮೂರು. ಮೋಟೆಬೆನ್ನೂರಿನ ಹೆದ್ದಾರಿ ಬದಿಯಲ್ಲಿ ಚಹಾದಂಗಡಿ ಇಟ್ಟಿರುವ ಬುಡನಸಾಬ, "ಮಾಸ್ತರ್ರ, ಸಕ್ರಿ ಹಾಕ್ಲೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳ್ರಿ, ಒಲಿ ಉರ್ಯಾಕತ್ತೈತಿ" ಎಂದು ಮೊದಲೇ ಎಚ್ಚರಿಕೆ ಕೊಡುತ್ತಿದ್ದ.

ಹಾಗಂತ ಅವರು ಬರೀ ಮಾತಿನ ಮನುಷ್ಯರಲ್ಲ. ಮಳೆಯಿರಲಿ, ಬಿಸಿಲಿರಲಿ, ಸತ್ತವರ ಮನೆಗೆ ಮೊದಲು ಮುಟ್ಟುವವರು ಅವರೇ. ಎಣ್ಣೆ ಬಾಟಲಿ ಮಾರಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆಂದು ಎಲ್ಲಿಂದಲೋ ಬಂದ ಪ್ರಸಂಗಿಯೊಬ್ಬನನ್ನು ಬ್ಯಾಡಗಿಯ ಬಸ್ ನಿಲ್ದಾಣದ ತನಕ ತಾವೇ ನಡೆಸಿಕೊಂಡು ಹೋಗಿ ಬಿಟ್ಟುಬಂದಿದ್ದರು. ದಾರಿಯುದ್ದಕ್ಕೂ ಅವನಿಗೆ ದೈವಶಾಸ್ತ್ರ ಹೇಳಿದ್ದರು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇಂಥ ಮಾಸ್ತರರು ಒಂದು ಶುಕ್ರವಾರ ಸಂಜೆ ಸಭೆಯ ಮಾಸಪತ್ರಿಕೆಗೆ ಲೇಖನ ಬರೆಯುತ್ತ ಕೂತಿದ್ದರು. ವಿಷಯ: ಉತ್ತಮ ದೈವಶಾಸ್ತ್ರಿಯ ಗುಣಗಳು ಮತ್ತು ಕರ್ತವ್ಯಗಳು. ಗುಣ ಹನ್ನೆರಡು, ಕರ್ತವ್ಯ ಹನ್ನೆರಡು. ಅರುಣಾಬಾಯಿ ಹಾಳೆಯ ಮೇಲೆ ಕಣ್ಣಾಡಿಸಿದರು.

"ನಮ್ರತಾ ಹನ್ನೊಂದನೇದ್ರಿ?"

"ಅನುಕ್ರಮಕ್ಕ ಮಹತ್ವ ಇಲ್ಲ."

"ಮತ್ತ ಪಾಂಡಿತ್ಯ ಮೊದಲನೇದ ಯಾಕ ಬರದೀರಿ?"

"ಅದಕ್ಕ ಮೂರು ಕಾರಣ…"

"ಹಾಲು ಉಕ್ಕಾಕತ್ತೈತಿ," ಎಂದು ಅರುಣಾಬಾಯಿ ಒಳಗೆ ಹೋದರು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಆಗ ಬಾಗಿಲಲ್ಲಿ ಬಂದು ನಿಂತವಳು ಪ್ರಿಯಾಂಕಾ. ಮೋಟೆಬೆನ್ನೂರಿನ ದೇವವ್ವನ ಮೊಮ್ಮಗಳು, ಹಾವೇರಿ ಕೋರ್ಟಿನಲ್ಲಿ ಟೈಪಿಸ್ಟ್.

"ಬಾರವಾ, ಕುಂದ್ರು. ಅಜ್ಜಿ ಹೆಂಗದಾಳ?"

"ಬುಧವಾರ ಹುಬ್ಬಳ್ಳ್ಯಾಗ ಎದಿ ಆಪರೇಷನ್ ಐತ್ರಿ. ಡಾಕ್ಟರ್ ಏನೂ ಖಾತ್ರಿ ಹೇಳವಲ್ರು. ಅದಕ್ಕಿಂತ ಮೊದಲ ಕರ್ತನ ಭೋಜನ ತಗೋಬೇಕಂತ ಆಕಿಗೆ ಭಾಳ ಜೀವ. ಈ ಐತವಾರ ಅಯ್ಯನವರು ಬರ್ತಾರ. ಆದ್ರ ತಗೊಳ್ಳಂಗಿಲ್ಲ ಅಂತ ಅಳಾಕತ್ತಾಳ್ರಿ."

ಕರ್ತನ ಭೋಜನವೆಂದರೆ ಯೇಸುವಿನ ನೆನಪಿಗೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ನೋಡಲು ಇಷ್ಟೇ. ಆದರೆ ದೇವವ್ವನಂಥವರಿಗೆ ಅದಕ್ಕಿಂತ ದೊಡ್ಡ ಊಟ ಭೂಮಿಯ ಮೇಲಿಲ್ಲ.

"ತಗೊಳ್ಳಂಗಿಲ್ಲ ಅಂತ ಯಾರು ಹೇಳಿದ್ರು ಆಕಿಗೆ?" ಮಾಸ್ತರರು ಪೆನ್ನು ಮುಚ್ಚಿ ಎದ್ದೇಬಿಟ್ಟರು. ಇನ್ನೊಬ್ಬರ ತಪ್ಪು ಉಪದೇಶ ಎಂದರೆ ಅವರಿಗೆ ಮೈಯೆಲ್ಲ ಹುರುಪು.

"ನೀವ ಹೇಳೀರಂತ್ರಿ. ಹನ್ನೊಂದು ವರ್ಷದ ಹಿಂದ, ಸುಗ್ಗಿ ಹಬ್ಬದಾಗ."

ಮಾಸ್ತರರು ಮತ್ತೆ ಕೂತರು.

ಹನ್ನೊಂದು ವರ್ಷದಿಂದ ದೇವವ್ವ ಕರ್ತನ ಭೋಜನ ಮುಟ್ಟಿರಲಿಲ್ಲ. ಅದು ಯಾರಿಗೂ ಗೊತ್ತಾಗಿರಲಿಲ್ಲ. ಏಕೆಂದರೆ ಜನ ಎದ್ದು ಮುಂದೆ ಹೋಗುವ ಹೊತ್ತಿಗೆ ಆಕೆ ತಾಯಂದಿರ ಕೈಯಿಂದ ಕೂಸುಗಳನ್ನು ಇಸಿದುಕೊಂಡು ಹೊರಗಿನ ಬೇವಿನ ನೆರಳಿಗೆ ಹೋಗಿಬಿಡುತ್ತಿದ್ದಳು. ಇಂಥ ನಿಸ್ವಾರ್ಥ ಸೇವೆಯನ್ನು ಎಲ್ಲರೂ ಕಲಿಯಬೇಕೆಂದು ಮಾಸ್ತರರು ಒಮ್ಮೆ ಮುಕ್ಕಾಲು ತಾಸು ಹೊಗಳಿಯೂ ಇದ್ದರು.

"ನಾ ಹಂಗ ಹೇಳಿರಾಕ ಸಾಧ್ಯನ ಇಲ್ಲವಾ," ಎಂದರು ಮಾಸ್ತರರು.

"ಬರದಿಟ್ಟಿರ್ತೀರಲ್ರಿ, ತಗದು ನೋಡ್ರಿ," ಎಂದಳು ಕೋರ್ಟಿನ ಹುಡುಗಿ.

ಹೌದು, ಮಾಸ್ತರರು ತಾವು ಹೇಳಿದ ಪ್ರತಿ ಪ್ರಸಂಗವನ್ನೂ ಬರೆದಿಡುತ್ತಿದ್ದರು. ಮುಂದೆ ಯಾರಾದರೂ ಸಂಶೋಧನೆ ಮಾಡುವವರು ಹುಡುಕಿಕೊಂಡು ಬಂದರೆ ತೊಂದರೆಯಾಗಬಾರದಲ್ಲ! ಟ್ರಂಕಿನಲ್ಲಿ ನಲವತ್ತೊಂದು ನೋಟ್‌ಬುಕ್ಕು. ಬಂದವಳು ಪ್ರಿಯಾಂಕಾ ಒಬ್ಬಳೇ. ಆ ವರ್ಷದ ಸುಗ್ಗಿ ಹಬ್ಬದ ಪ್ರಸಂಗ ಹತ್ತೊಂಬತ್ತನೆಯ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಮಾಸ್ತರರ ದುಂಡಗಿನ ಅಕ್ಷರ: 'ಜಗಳವಾಡಿದವರು ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವ ತನಕ ಕರ್ತನ ಭೋಜನದ ಈ ಮೇಜಿನ ಹತ್ತಿರ ಬರಬಾರದು. ಇದು ದೇವರ ಮಾತು.' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: 'ಇಲ್ಲಿ ಹೆಂಗಸರು ಅತ್ತರು. ಮತ್ತೆ ಬಳಸಬಹುದು.'

ಅರುಣಾಬಾಯಿ ಹೆಗಲ ಮೇಲಿಂದ ಇಣುಕಿ ಓದಿದರು. "ತಾಟು ಎಲ್ಲೈತ್ರಿ ಶಾಸ್ತ್ರದಾಗ?"

ಮಾಸ್ತರರು ನೋಟ್‌ಬುಕ್ಕು ಮುಚ್ಚಿದರು. ಜಗಳವಾಡಿದವರು ಮೊದಲು ಸಮಾಧಾನ ಮಾಡಿಕೊಂಡು ಬನ್ನಿ ಎಂಬುದು ಶಾಸ್ತ್ರದಲ್ಲಿ, ಅಂದರೆ ಬೈಬಲಿನಲ್ಲಿ, ಇತ್ತು. ತಾಟು ಮಾತ್ರ ಮಾಸ್ತರರದು. ಮಾತಿನ ಹುಮ್ಮಸ್ಸಿನಲ್ಲಿ ತಂದಿಟ್ಟಿದ್ದರು, ಹೆಂಗಸರು ಅತ್ತಿದ್ದರು, ತೆಗೆಯಲು ಮನಸ್ಸು ಬಂದಿರಲಿಲ್ಲ.

ಶನಿವಾರ ಮುಂಜಾನೆ ಮೊದಲ ಬಸ್ಸಿಗೆ ಅವರು ಮೋಟೆಬೆನ್ನೂರಿಗೆ ಹೋದರು. ದೇವವ್ವ ಅಂಗಳದಲ್ಲಿ ರಾಶಿ ಹಾಕಿಕೊಂಡು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಬೇಡವೆಂದು ಡಾಕ್ಟರು ಹೇಳಿದ್ದರು. ಡಾಕ್ಟರು ದೇವರಲ್ಲವಲ್ಲ.

"ದೇವವ್ವ, ಆ ತಾಟಿನ ವಿಷಯದಾಗ ಮೂರು ಮಾತು ಐತಿ. ಮೊದಲನೇದು…" ಎನ್ನುವಷ್ಟರಲ್ಲಿ ಕಾಯಿಯ ಘಾಟು ಮೂಗಿಗೇರಿ ಮಾಸ್ತರರು ಸೀನಿದರು. ಎರಡನೆಯದಕ್ಕೂ ಸೀನಿದರು. ಮೂರನೆಯದು ಬಾಯಿಗೇ ಬರಲಿಲ್ಲ.

"ನೀರು ಕುಡೀರಿ ಮಾಸ್ತರ್ರ," ಎಂದು ತಂಬಿಗೆ ಮುಂದಿಟ್ಟ ದೇವವ್ವ, ತಾನೇ ಹೇಳತೊಡಗಿದಳು. ಜಗಳ ಅವಳ ಮೈದುನನ ಹೆಂಡತಿ ಮಾರ್ಥವ್ವನ ಜೊತೆಗಿನದು. ಸುಗ್ಗಿ ಹಬ್ಬಕ್ಕೆ ಎಲ್ಲರೂ ತಮ್ಮ ಬೆಳೆಯ ಮೊದಲ ಬುಟ್ಟಿಯನ್ನು ಚರ್ಚಿಗೆ ತರುವುದು ಪದ್ಧತಿ. ದೇವವ್ವನ ಬುಟ್ಟಿ ನೋಡಿ ಮಾರ್ಥವ್ವ ನಾಲ್ಕು ಮಂದಿಯ ಮುಂದೆ ಅಂದಿದ್ದಳು: "ಕೆಂಪನ್ನ ಕಾಯಿ ಪ್ಯಾಟಿಗೆ, ಬಣ್ಣಗೆಟ್ಟ ಕಾಯಿ ದೇವರಿಗೆ."

"ಆ ಮಾತು ಎದ್ಯಾಗ ನಟ್ಟಿತ್ರಿ. ಐದು ವರ್ಷ ಮಾತಾಡಲಿಲ್ಲ. ಆಮ್ಯಾಲೆ ಆಕಿ ಜಡ್ಡಾಗಿ ಹುಬ್ಬಳ್ಳಿ ದವಾಖಾನ್ಯಾಗ ಬಿದ್ಲು. ಹೋದೆ. ಇಬ್ಬರೂ ಅತ್ತಿವಿ. ಯಕ್ಕಾ, ತಪ್ಪಾತು ಅಂದ್ಲು. ನಂದೂ ತಪ್ಪಾತು ಅಂದೆ. ಮನಿಯಿಂದ ರೊಟ್ಟಿ, ಬದನಿಕಾಯಿ ಪಲ್ಯ ಕಟಿಗೊಂಡು ಹೋಗಿದ್ದೆ, ಒಂದ ತಾಟಿನ್ಯಾಗ ಉಂಡ್ರ ಮುಗೀತಲ್ಲ ಅಂತ. ನೋಡ್ತೇನಿ, ಆಕಿ ಮೂಗಿನ್ಯಾಗ ನಳಿಗಿ ಹಾಕ್ಯಾರ. ಹೆಂಗ ಉಂಡಾಳು? ಮೂರನೇ ದಿನ ಹೋಗೇಬಿಟ್ಲು. ಇನ್ನ ನಾ ಯಾರ ಕೂಡ ಉಣ್ಲಿ?"

ಮಾಸ್ತರರು ತಂಬಿಗೆ ಕೆಳಗಿಟ್ಟರು. "ಸಮಾಧಾನ ಆತಲ್ಲ ದೇವವ್ವ, ಅಷ್ಟ ಸಾಕು. ತಾಟಿನ ಮಾತು ದೇವರದಲ್ಲ. ನಾಳೆ ನೀ ತಗೋ."

ದೇವವ್ವನ ಕೈ ನಿಂತಿತು. "ಮುದುಕಿ ಸತ್ತುಗಿತ್ತಾಳು ಅಂತ ದೇವರ ಮಾತು ಸಡ್ಲ ಮಾಡಾಕ ಬಂದೀರೇನ್ರಿ?"

"ಇಲ್ಲವಾ, ಖರೇನ ಹೇಳ್ತೇನಿ."

"ಚರ್ಚಿನ್ಯಾಗ ನಿಂತು ದೇವರ ಮಾತು ಅಂದ್ರಿ. ಈಗ ಮೆಣಸಿನಕಾಯಿ ಮುಂದ ನಿಂತು ಅಲ್ಲ ಅಂತೀರಿ. ನಿಮ್ಮ ಮನಸು ಭಾಳ ಮೆತ್ತಗೈತಿ ಮಾಸ್ತರ್ರ, ನನಗ ಗೊತ್ತೈತಿ. ಕನಿಕರಕ್ಕ ನೀವು ಸುಳ್ಳು ಹೇಳಬ್ಯಾಡ್ರಿ, ಪಾಪ ಬರತೈತಿ."

ನಲವತ್ತೊಂದು ನೋಟ್‌ಬುಕ್ಕು ಬರೆದವರು ಚಪ್ಪಲಿ ಮೆಟ್ಟಿಕೊಂಡು ಹೆದ್ದಾರಿಗೆ ಬಂದರು.

ಬಸ್ಸಿಗೆ ಹೊತ್ತಿತ್ತು. ಮಾಸ್ತರರು ಬುಡನಸಾಬನ ಬೆಂಚಿನ ಮೇಲೆ ಸುಮ್ಮನೆ ಕೂತರು. ಅವರು ಸುಮ್ಮನೆ ಕೂತದ್ದನ್ನು ಬುಡನಸಾಬ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. "ಆರಾಮದೀರೋ ಇಲ್ಲೋ?" ಎಂದು ಗಾಬರಿಯಿಂದ ಕೇಳಿದ. ಮಾಸ್ತರರು ಹೆಸರು ಹೇಳದೆ ಸಂಗತಿ ಹೇಳಿದರು. ಹೆಸರು ಹೇಳುವುದು ಬೇಕಿರಲಿಲ್ಲ. ಮೋಟೆಬೆನ್ನೂರಿನಲ್ಲಿ ಆಪರೇಷನ್ನಿಗೆ ಹೊರಟ ಮುದುಕಿ ಒಬ್ಬಳೇ.

"ನೋಡ್ರಿ ಮಾಸ್ತರ್ರ," ಎಂದ ಬುಡನಸಾಬ, "ಗಿರಾಕಿ ಚಾದಾಗ ನೊಣ ಬಿತ್ತಂದ್ರ ನಾ ಒಳಗ ಒಯ್ದು ಚೆಲ್ಲಂಗಿಲ್ಲ. ಒಳಗ ಚೆಲ್ಲಿ ಬ್ಯಾರೆ ತಂದ್ರೂ, ಅದನ್ನ ಸೋಸಿ ತಂದಾನ ಅಂತಾರ. ಅವನ ಕಣ್ಣ ಮುಂದನ ರಸ್ತಾಕ್ಕ ಚೆಲ್ಲತೇನಿ. ಆಗ ಕುಡೀತಾನ."

"ಎಲ್ಲಾರ ಮುಂದ ಚೆಲ್ಲಿದ್ರ ನಿನ್ನ ಅಂಗಡಿ ಹೆಸರು ಕೆಡೂದಿಲ್ಲೇನೋ?"

"ಹತ್ತು ನಿಮಿಷ ಕೆಡತೈತ್ರಿ," ಎಂದು ಬುಡನಸಾಬ ಕೇಳದೆಯೇ ಸಕ್ಕರೆ ಹಾಕಿದ.

ಆ ರಾತ್ರಿ ಮಾಸ್ತರರು ಲೇಖನ ಮುಟ್ಟಲಿಲ್ಲ. ಒಂದು ಪ್ರಸಂಗ ಬರೆಯಲು ಕೂತರು. ಮೊದಲು ನಾಲ್ಕು ಪುಟವಾಯಿತು. ಓದಿ ನೋಡಿದರೆ ತಪ್ಪು ಎಂಬ ಶಬ್ದ ಮೂರನೆಯ ಪುಟದ ತಳದಲ್ಲಿ ಬರುತ್ತಿತ್ತು, ಅದೂ ಒಂದು ವಾಕ್ಯದ ಹೊಟ್ಟೆಯಲ್ಲಿ. ಹರಿದರು. ಎರಡು ಪುಟ ಬರೆದರು. ಅದನ್ನೂ ಹರಿದರು.

ಭಾನುವಾರ ಮೋಟೆಬೆನ್ನೂರಿನ ಸಣ್ಣ ಚರ್ಚು ತುಂಬಿತ್ತು. ಬಂದಿದ್ದ ಅಯ್ಯನವರು ಹೊಸಬರು, ಹುಡುಗ ವಯಸ್ಸಿನವರು. ಭೋಜನಕ್ಕೆ ಮೊದಲು ಮಾಸ್ತರರು ಹೋಗಿ, "ಐದು ನಿಮಿಷ ಮಾತಾಡ್ಲೇನ್ರಿ?" ಎಂದಾಗ ಅಯ್ಯನವರ ಮುಖ ಸಣ್ಣದಾಯಿತು. ಮಾಸ್ತರರ ಐದು ನಿಮಿಷದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಮುಂದಿನ ಸಾಲಿನವರು ಕಾಲು ಚಾಚಿ ಸರಿಯಾಗಿ ಕೂತರು. ಹಿಂದಿನ ಸಾಲಿನಲ್ಲಿ ದೇವವ್ವ ಆಗಲೇ ಒಂದು ಕೂಸನ್ನು ಕಂಕುಳಿಗೇರಿಸಿಕೊಂಡಿದ್ದಳು.

ಮಾಸ್ತರರು ನಿಂತರು. ಕೈಯಲ್ಲಿ ಹಾಳೆಯಿಲ್ಲ.

"ಹನ್ನೊಂದು ವರ್ಷದ ಹಿಂದ ಇಲ್ಲೇ ನಿಂತು, ಜಗಳಾಡಿದವರು ಒಂದೇ ತಾಟಿನ್ಯಾಗ ಉಣ್ಣೂತನಕಾ ಕರ್ತನ ಮೇಜಿಗೆ ಬರಬಾರದು, ಇದು ದೇವರ ಮಾತು ಅಂತ ಹೇಳಿದ್ದೆ. ಅದು ದೇವರ ಮಾತಲ್ಲ. ನಾ ಕಟ್ಟಿದ್ದು. ನನ್ನ ಮಾತಿಗೆ ದೇವರ ಹೆಸರು ಹಚ್ಚಿದೆ. ತಪ್ಪು ಮಾಡೇನಿ."

ಕೂತರು.

ಮೊದಲನೆಯ ಮಾತು ಮುಗಿಯಿತು, ಎರಡನೆಯದು ಬರುತ್ತದೆ ಎಂದು ಎಲ್ಲರೂ ಕಾದರು. ಕೊನೆಗೆ ಮುದುಕರೊಬ್ಬರು ಕೇಳಿಯೇಬಿಟ್ಟರು: "ಮುಗೀತೇನ್ರಿ ಮಾಸ್ತರ್ರ?"

"ಮುಗೀತ್ರಿ."

"ಹಂಗಾರ ಟೀವಿ ನೋಡಬಾರದು ಅಂದದ್ದು ಯಾರ ಮಾತ್ರಿ? ನಾ ಟೀವಿ ಮಾರೇಬಿಟ್ಟೇನಿ!"

ನಗೆಯ ನಡುವೆ ಮಾಸ್ತರರ ಕಿವಿ ಕೆಂಪಾಯಿತು. "ಅದೂ ನಂದ್ರಿ," ಎಂದರು. ಅರುಣಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವಿಗೋ ಅಳುವಿಗೋ ಹೇಳುವುದು ಕಷ್ಟ.

ಅಯ್ಯನವರು ರೊಟ್ಟಿ ಮುರಿದು ಜನರನ್ನು ಕರೆದರು. ಹಿಂದಿನಿಂದ ದೇವವ್ವ ಕೂಸನ್ನು ಪ್ರಿಯಾಂಕಾಳ ಕೈಗೆ ಕೊಟ್ಟು, ಬೆಂಚು ಹಿಡಿದು ಹಿಡಿದು ಮುಂದೆ ಬಂದಳು. ಮೇಜಿನ ಹತ್ತಿರ ಹೋಗಲಿಲ್ಲ. ಮಾಸ್ತರರ ಮುಂದೆ ಬಂದು ನಿಂತಳು.

"ನನಗ ಈಗ ಸಿಟ್ಟು ಬಂದೈತ್ರಿ."

"ಯಾರ ಮ್ಯಾಲೆ ದೇವವ್ವ?"

"ನಿಮ್ಮ ಮ್ಯಾಲ್ರಿ. ಹನ್ನೊಂದು ವರ್ಷ! ಮಂದಿ ಕೂಸಿನ ಮೂಗು ಒರಸ್ಕೋತ ಹೊರಗ ಕುಂತೇನಿ. ಇಷ್ಟು ಸಿಟ್ಟು ಇಟಗೊಂಡು ಅಲ್ಲಿ ಹೆಂಗ ಹೋಗ್ಲಿ? ಇದು ಮಾತ್ರ ದೇವರ ಮಾತ ಹೌದಲ್ರಿ, ಸಮಾಧಾನ ಮಾಡ್ಕೊಂಡು ಬರ್ರಿ ಅನ್ನೂದು?"

"ಹೌದು, ಅದು ಖರೇ ದೇವರದು," ಎಂದರು ಮಾಸ್ತರರು. ಎದ್ದು ಕೈಮುಗಿದರು. ಒಂದು, ಎರಡು, ಮೂರು ಎನ್ನಲಿಲ್ಲ. "ನನ್ನ ಕ್ಷಮಿಸಬೇಕವಾ."

ದೇವವ್ವ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಕಾಯಿಯ ರಾಶಿಯಲ್ಲಿ ಒಂದನ್ನೆತ್ತಿ ಬಣ್ಣ ನೋಡುವಾಗ ನೋಡುತ್ತಾಳಲ್ಲ, ಹಾಗೆ.

"ಆತು, ನಡೀರಿ. ಕೈ ಹಿಡೀರಿ, ಮೊಣಕಾಲು ನೋವು ನನಗ."

ಇಬ್ಬರೂ ಒಟ್ಟಿಗೆ ಹೋಗಿ ಮೊಣಕಾಲೂರಿದರು. ಅಯ್ಯನವರು ಅಂಗೈಯಲ್ಲಿಟ್ಟ ತುಣುಕನ್ನು ದೇವವ್ವ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರಿಳಿಯಿತು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ಪಕ್ಕದ ಮಾಸ್ತರರ ಕಡೆ ಬಾಗಿ, ಇಡೀ ಚರ್ಚಿಗೆ ಕೇಳುವಂಥ ಪಿಸುಮಾತಿನಲ್ಲಿ ಹೇಳಿದಳು:

"ತುಣುಕು ಭಾಳ ಸಣ್ಣದು ಮಾಡ್ಯಾರಲ್ರಿ ಈಗ! ಮದ್ಲ ಹಿಂಗಿರಲಿಲ್ಲ."