ಎಣ್ಣೆಯೊಳಗಿನ ಕಸ

ವಿಮಾನಗಳ ಹೈಡ್ರಾಲಿಕ್ ಎಣ್ಣೆಯಲ್ಲಿ ಎಷ್ಟು ಕಸವಿದೆ ಎಂದು ಎಣಿಸುವುದೇ ನನ್ನ ನೌಕರಿಯಾಗಿತ್ತು. ವಿಮಾನದ ಚಕ್ರ ಮಡಚಿಕೊಳ್ಳುವುದು ಆ ಎಣ್ಣೆಯ ಒತ್ತಡದಿಂದ. ಕೂದಲೆಳೆಗಿಂತ ಸಣ್ಣ ಕಣಗಳು ವಾಲ್ವಿನಲ್ಲಿ ಸೇರಿಕೊಂಡರೂ ಕಷ್ಟವೇ. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಎಣ್ಣೆಯನ್ನೂ ನಂಬುತ್ತಿರಲಿಲ್ಲ, ಅದು ಬಂದ ಬಾಟಲಿಯನ್ನೂ ನಂಬುತ್ತಿರಲಿಲ್ಲ. ನಿವೃತ್ತನಾಗಿ ಸಾಗರಕ್ಕೆ ಬಂದ ಮೇಲೂ ಆ ಸ್ವಭಾವ ಬಿಡಲಿಲ್ಲ. ಮನೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಮಣ್ಣು ಅಗೆಯುವ ಯಂತ್ರಗಳ ಎಣ್ಣೆ ನೋಡಿಕೊಡುತ್ತಿದ್ದೆ.

ಕಳೆದ ವರ್ಷ ಅರಳಸುರಳಿ ಕಡೆಯ ಗೌಡರೊಬ್ಬರು ಬಾಟಲಿ ಹಿಡಿದು ಬಂದರು. ಅವರ ಯಂತ್ರಕ್ಕೆ ಹೊಸದಾಗಿ ಹಾಕಿಸಿದ್ದ ಎರಡನೇ ಪಂಪೂ ಕೆಡುತ್ತ ಬಂದಿತ್ತು.

"ನಮ್ಮ ಡ್ರೈವರ್ ಒಳ್ಳೆ ಎಣ್ಣೆ ತೆಗ್ದು ಮಾರ್ಕೊಂಡು ಹಳೇದು ತುಂಬ್ತಾನೆ. ಹಾಗಂತ ನೀವೊಂದು ಚೀಟಿ ಬರ್ದುಕೊಡಿ, ಸಾಕು," ಎಂದರು.

"ಬಾಟ್ಲಿ ತುಂಬ್ಸಿದ್ದು ಯಾರು?"

"ನಾನೇ."

"ಹಾಗಾದ್ರೆ ಇದನ್ನ ನೋಡಲ್ಲ. ನಾನೇ ಬಂದು ತೆಗೀತೀನಿ."

ಅವರ ಮುಖ ಬಿಗಿದುಕೊಂಡಿತು.

ಯಂತ್ರ ತೀರ್ಥಹಳ್ಳಿಯ ಹತ್ತಿರ ರಸ್ತೆ ಕೆಲಸದಲ್ಲಿತ್ತು. ಡ್ರೈವರ್ ಹೊಸನಗರದವನು, ನಲವತ್ತು ದಾಟಿದವನು. ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ತೆಗೆಯಬೇಕು, ಮೊದಲು ಬಂದದ್ದನ್ನು ಚೆಲ್ಲಬೇಕು. ನಾನು ಹೇಳುವ ಮೊದಲೇ ಅವನು ಕೊಳವೆಯ ಬಾಯಿ ಒರೆಸಿ ಕೊಟ್ಟ. ಇಷ್ಟು ತಿಳಿದವನಿಗೆ ಮೋಸವೂ ತಿಳಿದಿರಬೇಕು ಎಂದುಕೊಂಡೆ. ಅವನ ಕೈಯನ್ನೇ ನೋಡುತ್ತ ನಿಂತೆ.

ಮನೆಗೆ ಬಂದು ಎಣ್ಣೆ ಸೋಸಿ, ಉಳಿದ ಕಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಣ್ಣೆ ಹಳೆಯದಲ್ಲ, ಹೊಸದೇ. ಪಂಪು ಸವೆದು ಬಿದ್ದ ಲೋಹದ ಚೂರುಗಳಿದ್ದವು. ಅವುಗಳ ನಡುವೆ ಬಿಳಿ ಕಣಗಳು, ಅಲ್ಲಲ್ಲಿ ನೀಲಿ. ಕಸವನ್ನು ತೊಳೆದು ಒಂದು ಹನಿ ಆಸಿಡ್ ಬಿಟ್ಟಾಗ ಬಿಳಿಯದು ನೊರೆಯೆದ್ದು ಕರಗಿತು. ಸುಣ್ಣ. ನೀಲಿಯದು ಮೈಲುತುತ್ತ. ಇವೆರಡನ್ನು ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಯಂತ್ರದೊಳಗೆ ಹೇಗೆ ಹೋಯಿತು?

ಮರುದಿನವೇ ಗೌಡರ ಮನೆಗೆ ಹೋಗಿ, ಎಣ್ಣೆ ಇಡುವ ಜಾಗ ತೋರಿಸಿ ಎಂದೆ. ಕೋಣೆಯ ಬೀಗ ತೆಗೆದರು. ಡ್ರಮ್ಮಿನ ಪಕ್ಕದಲ್ಲಿ ಒಂದು ಕ್ಯಾನು, ಎಣ್ಣೆ ಸುರಿಯುವ ಒಂದು ಆಲಿಕೆ. ಆಲಿಕೆಯ ಅಂಚಿಗೆ ತಿಳಿನೀಲಿ ಕರೆ ಕಟ್ಟಿತ್ತು.

"ಇದ್ರಲ್ಲಿ ತೋಟದ ಔಷಧಿ ಹಾಕಿದ್ರಾ?"

"ಹೂಂ. ಆಮೇಲೆ ತೊಳ್ದೀವಲ್ಲ."

"ಎಣ್ಣೆ ಹಾಕೋದು ಡ್ರೈವರ್ರಾ?"

ಗೌಡರು ತಡೆದು ಹೇಳಿದರು. "ಇಲ್ಲ. ಮೊದಲ್ನೇ ಪಂಪು ಹೋದ್ಮೇಲೆ ಅವನ ಮೇಲೆ ಅನುಮಾನ ಬಂತು. ಆಗಿಂದ ನಾನೇ ಹಾಕ್ತಿದೀನಿ."

ಮೊದಲನೆಯ ಪಂಪು ವಯಸ್ಸಾಗಿ ಹೋಗಿದ್ದಿರಬಹುದು. ಎರಡನೆಯದನ್ನು ಕೆಡಿಸಿದ್ದು ಆ ಆಲಿಕೆ. ಹಾಗೆಂದು ಹೇಳಿದೆ. ಅವರು ಆಲಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಅಷ್ಟರಲ್ಲಿ ಗೌಡರು ತನ್ನನ್ನು ಕಳ್ಳನೆಂದದ್ದು ಕಿವಿಗೆ ಬಿದ್ದು ಡ್ರೈವರ್ ಕೆಲಸ ಬಿಟ್ಟಿದ್ದ. ಅವನನ್ನು ವಾಪಸು ಕರೆಯಲು ಗೌಡರು ತಾವು ಹೋಗದೆ ನನ್ನನ್ನು ಕಳುಹಿಸಿದರು. ಹೊಸನಗರದಲ್ಲಿ ಅವನ ಮನೆಯ ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ.

"ಅವ್ರು ಹೇಳೋದನ್ನ ಅವ್ರೇ ಬಂದು ಹೇಳ್ಲಿ," ಎಂದ. ಆಮೇಲೆ, "ಅವತ್ತು ನೀವೂ ನನ್ನ ಕೈನೇ ನೋಡ್ತಿದ್ರಿ," ಎಂದ.

ಹೌದೆಂದೆ. ತಪ್ಪಾಯಿತು ಎಂದೂ ಹೇಳಿದೆ. ಅವನ ಹೆಂಡತಿ ಕೊಟ್ಟ ಟೀ ಕುಡಿದು ಎದ್ದೆ.

ವಾರ ಕಳೆದ ಮೇಲೆ ಗೌಡರೇ ಹೋಗಿ ಕರೆದರು. ಬಂದ. ಆದರೆ ಎಣ್ಣೆ ಕೋಣೆಯ ಬೀಗದ ಕೈ ತನ್ನ ಹತ್ತಿರವೇ ಇರಬೇಕೆಂದ. ಕೊಟ್ಟಿದ್ದಾರೆ. ಅದೇ ಬೀಗದ ಇನ್ನೊಂದು ಕೈ ಗೌಡರ ಹತ್ತಿರ ಇದೆಯೋ ಏನೋ, ನಾನು ಕೇಳಿಲ್ಲ.