ಮಡಚಿಟ್ಟ ಆರು ತುಂಡು

ಭಾನುವಾರ ಬರುತ್ತೇನೆಂದು ನನ್ನ ಹೆಂಡತಿ ಫೋನು ಮಾಡಿದಳು. ಎರಡು ವರ್ಷದ ಮೇಲೆ! ಕೂತಿದ್ದವನು ಎದ್ದು ನಿಂತೇಬಿಟ್ಟೆ. ಆಮೇಲೆ ಕಾರಣ ಹೇಳಿದಳು. ರೇಷನ್ ಕಾರ್ಡು ಬೇಕಂತೆ. ಅದರಿಂದ ತನ್ನ ಹೆಸರು ತೆಗೆಸಿ, ಧಾರಾಪುರಂನಲ್ಲಿರುವ ಅಣ್ಣನ ಮನೆಯ ಕಾರ್ಡಿಗೆ ಸೇರಿಸಬೇಕಂತೆ. "ಹೂಂ, ಬಾ" ಅಂದೆ. ಬೇರೆ ಏನನ್ನೋದು? ಹೆಸರು ತೆಗೆಸಿದಳೆಂದರೆ ಇನ್ನು ವಾಪಸು ಬರುವ ಮಾತೇ ಇಲ್ಲ. ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನಿಸಿತು. ಹೇಗೆ ಅಂತ ಗೊತ್ತಾಗಲಿಲ್ಲ.

ನಾನು ಕೊಳ್ಳೇಗಾಲದ ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ತಿರುಪ್ಪೂರಿಗೆ ಬಂದು ಬನಿಯನ್ ಕಂಪನಿಯಲ್ಲಿ ಟೈಲರಾದೆ. ಅವಳದು ತಲೆತಲಾಂತರದಿಂದ ಇಲ್ಲೇ ಇರುವ ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಅವಳಿಗೆ ಬಾರದು, ಅದಕ್ಕೇ ಇದನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನನ್ನು "ಏನುಂಗ" ಅನ್ನುತ್ತಿದ್ದಳು. ನಮ್ಮೂರಲ್ಲಿ ಗಂಡನನ್ನು "ಏನೂಂದ್ರೆ" ಅಂತ ಕರೆಯುವ ಹಾಗೆ ಈ ಕಡೆ ಅದು. ಎಷ್ಟೇ ಕೋಪ ಬಂದರೂ ಅದನ್ನು ಬಿಡುತ್ತಿರಲಿಲ್ಲ.

ಕಂಪನಿಯಲ್ಲಿ ಅವಳು ನನ್ನ ಕೈಮಡಿ. ಅಂದರೆ ಟೈಲರನ ಎಡಕ್ಕೆ ಕೂತು, ಬಟ್ಟೆಯ ಅಂಚನ್ನು ಒಂದೇ ಅಳತೆಗೆ ಮಡಚಿ ಅವನ ಕೈಗೆ ಕೊಡುವವಳು. ಇಪ್ಪತ್ತು ವರ್ಷ ಅವಳು ಮಡಚಿದಳು, ನಾನು ಹೊಲಿದೆ. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ, ಎಡಗೈ ಚಾಚಿದರೆ ತುಂಡು ಅಲ್ಲಿರುತ್ತಿತ್ತು. ಬಂದವರೆಲ್ಲ ನನ್ನ ಹೊಲಿಗೆಯನ್ನು ಹೊಗಳುವರು. ನಾನೂ ಬೀಗುತ್ತಿದ್ದೆ, ಏನೋ ಎಲ್ಲ ನಂದೇ ಅನ್ನೋ ಹಾಗೆ.

ಆಮೇಲೆ ಮಿಷಿನ್ನಿಗೆ ಸಿಕ್ಕಿಸುವ ಒಂದು ತಗಡು ಬಂತು. ಬಟ್ಟೆಯನ್ನು ಅದರೊಳಗೆ ತೂರಿಸಿದರೆ ತಾನೇ ಮಡಚಿಕೊಂಡು ಸೂಜಿಯ ಕೆಳಗೆ ಬರುತ್ತದೆ. ಕೈಮಡಿಯವರನ್ನೆಲ್ಲ ಮನೆಗೆ ಕಳಿಸಿದರು. ಅವತ್ತು ಸಂಜೆ ಅವಳು ಅತ್ತಳು. ನಾನು ಸಮಾಧಾನ ಹೇಳುವುದು ಬಿಟ್ಟು, "ಮಡಚೋದೂ ಒಂದು ಕೆಲಸವೇನೇ? ಬೆರಳುದ್ದದ ತಗಡು ಮಾಡುತ್ತಲ್ಲ!" ಅಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ! ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ಮಕ್ಕಳಿಲ್ಲದ ಮನೆ, ಅದರಲ್ಲಿ ಮಾತೂ ಕಮ್ಮಿಯಾಗುತ್ತಾ ಬಂತು. ಒಂದು ದಿನ ಅಣ್ಣನ ಮನೆಗೆ ಹೋಗಿಬರುತ್ತೇನೆ ಅಂತ ಹೋದವಳು ಬರಲಿಲ್ಲ. ಕರೆಯಲು ಹೋಗಬೇಕಿತ್ತು. ದಾರಿ ಅವಳಿಗೆ ಗೊತ್ತಿಲ್ಲವಾ ಅಂತ ಜಂಬದಲ್ಲಿ ಕೂತೆ.

ನನಗೂ ಕೆಲಸ ಬಿಟ್ಟು ಈಗ ಒಂದು ವರ್ಷ. ಒಬ್ಬನೇ ಇದ್ದೂ ಇದ್ದೂ ಕುಕ್ಕರಿನ ಜೊತೆ ಜಗಳವಾಡುತ್ತೇನೆ, ಟೀವಿಗೆ ಬೈಯುತ್ತೇನೆ. ಅದಾದರೂ ತಿರುಗಿ ಏನಾದರೂ ಹೇಳುತ್ತದೆ.

ನಮ್ಮ ಮರದ ಸೋಫಾಕ್ಕೆ ಹೂವಿನ ಕವರಿನ ಕುಶನ್ ಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಕೇಳಿದಾಗಲೆಲ್ಲ "ಕೂರೋಕೇ ಪುರುಸೊತ್ತಿಲ್ಲ, ಒರಗೋಕೆ ದಿಂಬು ಬೇರೆ ಕೇಡು" ಅನ್ನುತ್ತಿದ್ದೆ. ಫೋನು ಬಂದ ಮಾರನೇ ದಿನ ಅದು ನೆನಪಾಗಿ, ಹೋಗಿ ಐದು ಕುಶನ್ ತಂದೆ. ಕಿತ್ತಳೆ ಬಣ್ಣದ ಮೇಲೆ ನೀಲಿ ಹೂವಿರುವ ಬಟ್ಟೆ ತಂದೆ. ಅಂಗಡಿಯವನು ರೆಡಿಮೇಡ್ ಕವರು ತೋರಿಸಿದ. ಟೈಲರಿಗೇ ರೆಡಿಮೇಡಾ! ಅವನಿಗೆ ನಾಲ್ಕು ಮಾತು ಹೇಳಿಯೇ ಬಂದೆ.

ಕವರೆಂದರೆ ಏನು ಮಹಾ. ಮುಂದಕ್ಕೆ ಒಂದು ಚೌಕ, ಹಿಂದಕ್ಕೆ ಒಂದರ ಮೇಲೊಂದು ಬರುವಂತೆ ಎರಡು ತುಂಡು. ಆ ಸಂದಿಯಲ್ಲಿ ಕುಶನ್ನನ್ನು ತೂರಿಸುವುದು. ಹಿಂದಿನ ಎರಡು ತುಂಡಿನ ಅಂಚು ಮಾತ್ರ ಮಡಚಿ ಹೊಲಿಯಬೇಕು. ಮನೆಯ ಮಿಷಿನ್ನಿನ ಮುಂದೆ ಕೂತೆ. ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ, ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿತು. ಚಾಚಿ ಗಾಳಿಯಲ್ಲಿ ಹಾಗೇ ನಿಂತಿತು. ಯಾರೂ ನೋಡುತ್ತಿರಲಿಲ್ಲ, ಆದರೂ ನಾಚಿಕೆಯಾಯಿತು.

ತುಂಡನ್ನು ನಾನೇ ಎತ್ತಿಕೊಂಡು ಒಂದೇ ಉಸಿರಿಗೆ ಹೊಲಿದೆ. ಗೆರೆ ಎಳೆದಂಥ ಹೊಲಿಗೆ. ಎತ್ತಿ ನೋಡಿದರೆ, ಅಯ್ಯೋ ಶಿವನೇ, ಅಂಚನ್ನು ಮಡಚಿಯೇ ಇಲ್ಲ! ಎಳೆಗಳು ನೇತಾಡುತ್ತಿವೆ. ಇಪ್ಪತ್ತು ವರ್ಷ ನನ್ನ ಕೈಗೆ ಬಟ್ಟೆ ಮಡಚಿಕೊಂಡೇ ಬಂದದ್ದು, ಆಮೇಲೆ ಕಂಪನಿಯ ತಗಡು ಮಡಚಿತು. ಮಡಚಬೇಕು ಅನ್ನುವುದೇ ತಲೆಗೆ ಹೊಳೆದಿರಲಿಲ್ಲ. ಹೊಲಿಗೆ ಬಿಚ್ಚಿ, ಮಡಚಿ, ಮತ್ತೆ ಹೊಲಿದೆ. ಒಂದು ತುದಿಯಲ್ಲಿ ಬೆರಳಗಲ, ಇನ್ನೊಂದು ತುದಿಯಲ್ಲಿ ದಾರದಗಲ. ಮತ್ತೆ ಬಿಚ್ಚಿದೆ. ಥೂ, ಮಡಚೋದೂ ಒಂದು ಕೆಲಸವಾ ಅಂದ ಬಾಯಿ ಇದೇ. ಶನಿವಾರ ಸಂಜೆಯ ಹೊತ್ತಿಗೆ ಎರಡು ಕವರು ಆದವು. ಉಳಿದ ಮೂರಕ್ಕೆ ಬಟ್ಟೆ ಕತ್ತರಿಸಿಟ್ಟದ್ದಷ್ಟೇ.

ಭಾನುವಾರ ಅವಳು ಬಂದಳು. ಸೊರಗಿಹೋಗಿದ್ದಳು, ಮುಂಗೂದಲು ನರೆತಿತ್ತು. ಬಾಗಿಲಲ್ಲೇ "ಕಾರ್ಡು ಎತ್ತಿಟ್ಟಿದ್ದೀರಾ?" ಅಂದಳು. ಏನುಂಗ ಇಲ್ಲ, ಏನೂ ಇಲ್ಲ. ಸೋಫಾದ ತುದಿಯಲ್ಲಿ ಕೂತು, ಕುಶನ್ನನ್ನು ಕಂಡು ಕೈಗೆತ್ತಿಕೊಂಡಳು. ಹೂವಿನ ಕಡೆ ನೋಡಲೇ ಇಲ್ಲ, ತಿರುಗಿಸಿ ಹಿಂದಿನ ಅಂಚನ್ನೇ ನೋಡಿದಳು.

"ಯಾರು ಮಡಚಿದ್ದು?"

"ನಾನೇ."

ತುಟಿಯಲ್ಲಿ ನಗು ಬಂತು, ನುಂಗಿಕೊಂಡಳು. ಅಷ್ಟು ಸಿಕ್ಕಿದ್ದೇ ತಡ, ಮೂರು ದಿನದಿಂದ ಬಾಯಿಪಾಠ ಮಾಡಿದ್ದೆಲ್ಲ ಮರೆತು, "ಅವತ್ತು ನಾನು ಹಾಗನ್ನಬಾರದಿತ್ತು" ಅಂದೆ.

"ಯಾವತ್ತು?"

ಅವಳಿಗೆ ಗೊತ್ತು. ನನ್ನ ಬಾಯಿಂದಲೇ ಬರಲಿ ಅಂತ.

"ಮಡಚೋದೂ ಒಂದು ಕೆಲಸವಾ ಅಂದದ್ದು. ಕೆಲಸವೇ ಕಣೇ. ನನಗೆ ಬರಲಿಲ್ಲ. ಹೋಗಬೇಡ."

ಅವಳು ಎದ್ದು ಮಿಷಿನ್ನಿನ ಹತ್ತಿರ ಹೋದಳು. ಸ್ಟೂಲನ್ನು ಎಳೆದುಕೊಂಡು ಎಡಗಡೆ ಕೂತಳು, ತನ್ನ ಜಾಗದಲ್ಲೇ. ಓಡಿಹೋಗಿ ನಾನೂ ಕೂತೆ. ಅವಳು ಕತ್ತರಿಸಿಟ್ಟ ತುಂಡೊಂದರ ಅಂಚನ್ನು ಮಡಚಿ, ಹೆಬ್ಬೆರಳಿನ ಉಗುರಿನಿಂದ ಒಂದೇ ಸಲ ಗೀರಿದಳು. ಒಂದು ಕೂದಲಷ್ಟೂ ಆಚೀಚೆ ಇಲ್ಲ. ನಾನು ಸೂಜಿಯ ಮೇಲೆ ಕಣ್ಣಿಟ್ಟು ಎಡಗೈ ಚಾಚಿದೆ.

ಕೈಗೆ ಬರಲಿಲ್ಲ. ತುಂಡನ್ನು ಹಲಗೆಯ ಮೇಲಿಟ್ಟಳು. ಅದರ ಮೇಲೆ ಇನ್ನೊಂದು. ಹೀಗೆ ಮೂರು ಕವರಿನ ಆರನ್ನೂ ಮಡಚಿ ಒಂದರ ಮೇಲೊಂದು ಜೋಡಿಸಿ, ಬಿಚ್ಚಿಕೊಳ್ಳದಿರಲಿ ಅಂತ ಮೇಲೆ ಕತ್ತರಿ ಹೇರಿದಳು.

"ಆರೂ ಮಡಚಿದ್ದೀನಿ. ಇನ್ನು ಹೊಲಿಯೋದಷ್ಟೇ. ಯಾರೂ ಬೇಕಾಗಿಲ್ಲ ನಿಮಗೆ" ಅಂದು ಎದ್ದಳು. "ಕಾರ್ಡು ಕೊಡಿ."

ಕೊಟ್ಟೆ. ಊಟ ಮಾಡಿಕೊಂಡು ಹೋಗು ಅಂದೆ, ಬಸ್ಸಿಗೆ ಹೊತ್ತಾಯಿತು ಅಂದಳು. ಚಪ್ಪಲಿ ಮೆಟ್ಟಿಕೊಂಡು, ತಲೆ ಎತ್ತದೆ, "ಹೊತ್ತಿಗೆ ಸರಿಯಾಗಿ ಉಣ್ಣಿ, ಏನುಂಗ" ಅಂದಳು. ನಾನು ಬಾಗಿಲು ಹಿಡಿದುಕೊಂಡು ನಿಂತೆ, ಅವಳು ಬೀದಿಯ ತಿರುವು ದಾಟುವತನಕ.

ಹೊಸ ರೇಷನ್ ಕಾರ್ಡು ಬಂತು. ನನ್ನ ಹೆಸರೊಂದೇ. ಮನೆಗೆ ಬಂದವರು ಮೂರು ಕುಶನ್ನು ಬರಿಮೈಲಿರುವುದನ್ನು ನೋಡಿ, "ಏನಪ್ಪಾ ಟೈಲರೇ, ನಿನ್ನ ಮನೆಯದೇ ಮುಗಿದಿಲ್ಲವಾ?" ಅಂತ ಕಿಚಾಯಿಸುತ್ತಾರೆ. ಪುರುಸೊತ್ತಿಲ್ಲ ಅನ್ನುತ್ತೇನೆ. ಕೂತರೆ ಅರ್ಧ ಗಂಟೆಯ ಕೆಲಸ. ಕೂತಿಲ್ಲ. ಕತ್ತರಿ ಬೇಕಾದಾಗಲೂ ಆ ತುಂಡುಗಳ ಮೇಲಿಂದ ಅದನ್ನು ತೆಗೆಯದೆ ಪಕ್ಕದ ಮನೆಯಿಂದ ಕೇಳಿ ತರುತ್ತೇನೆ. ಅವಳು ನನಗೆ ಮಡಚಿ ಕೊಟ್ಟದ್ದು ಇನ್ನು ಆ ಆರೇ ಇರುವುದು.